ಹಿನ್ನೀರಿನ ಮೇಲಿಂದ ಮಾದರಿ ವಿಮಾನ ಏಳುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಾನು ಬಾಗಲಕೋಟೆಯ ನವನಗರದವನು. 1.2 ಮೀಟರ್ ರೆಕ್ಕೆಯ ಫೋಮ್ ಟ್ರೇನರ್ ವಿಮಾನವನ್ನು ಎಂಟು ತಿಂಗಳಿಂದ ಬಯಲಲ್ಲಿ ಹಾರಿಸುತ್ತಿದ್ದೇನೆ. ಇಳಿಸುವುದೂ ಕೈಗೆ ಹತ್ತಿದೆ. ಆಲಮಟ್ಟಿ ಹಿನ್ನೀರಿನ ಮೇಲೆ ಹಾರಿಸಬೇಕೆಂದು ಥರ್ಮಾಕೋಲಿನಲ್ಲಿ ದೋಣಿಯಾಕಾರದ ಎರಡು ಫ್ಲೋಟ್, ಅಂದರೆ ತೇಲುಗಾಲು, ಕೊರೆದು ಕಟ್ಟಿದೆ. ಪೂರ್ತಿ ಥ್ರಾಟಲ್ ಕೊಟ್ಟರೂ 60 ಮೀಟರ್ ನೀರು ಸೀಳಿಕೊಂಡು ಓಡಿತೇ ಹೊರತು ಏಳಲಿಲ್ಲ. ಎರಡನೇ ಸಲ ಮೂಗು ಮುಳುಗಿ ಪಲ್ಟಿ ಹೊಡೆಯಿತು, ಮೋಟರಿನ ವೇಗ ನಿಯಂತ್ರಿಸುವ ಇಎಸ್‌ಸಿ ಸುಟ್ಟುಹೋಯಿತು. ದೊಡ್ಡ ಮೋಟರ್ ಹಾಕಲೇ? ಅಥವಾ ಇದನ್ನು ಬಿಟ್ಟು ರೆಡಿ ಸಿಗುವ, ಮೈಯೇ ದೋಣಿಯಂತಿರುವ ಹಾರುದೋಣಿ ಕೊಳ್ಳಲೇ?

ಉತ್ತರ: ಸದ್ಯಕ್ಕೆ ಮೋಟರಿಗೆ ಕೈ ಹಚ್ಚಬೇಡಿ. ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ: ‘ದೋಣಿಯಾಕಾರ’. ದೋಣಿಯ ತಳ ನೀರಿನಲ್ಲಿ ಉಳಿಯಬೇಕು, ಫ್ಲೋಟಿನ ತಳ ನೀರನ್ನು ಬಿಡಬೇಕು. ಹಿಂದಕ್ಕೆ ಹೋದಂತೆ ನುಣ್ಣಗೆ ಮೇಲೆ ಬಾಗುವ ತಳಕ್ಕೆ ಹರಿಯುವ ನೀರು ಅಂಟಿಕೊಂಡು ಅದನ್ನು ಕೆಳಕ್ಕೆ ಎಳೆಯುತ್ತದೆ. ಮನೆಯಲ್ಲೇ ನೋಡಬಹುದು: ನಲ್ಲಿಯ ಧಾರೆಗೆ ಚಮಚದ ಉಬ್ಬಿದ ಬೆನ್ನನ್ನು ಮೆಲ್ಲಗೆ ತಾಗಿಸಿ, ನೀರು ಚಮಚವನ್ನು ದೂಡುವುದಿಲ್ಲ, ತನ್ನತ್ತ ಸೆಳೆದುಕೊಳ್ಳುತ್ತದೆ. ವೇಗ ಹೆಚ್ಚಿದಷ್ಟೂ ಈ ಸೆಳೆತ ಹೆಚ್ಚುತ್ತದೆ. ಆದ್ದರಿಂದ ಶಕ್ತಿ ಕೂಡಿಸಿದ ಮಾತ್ರಕ್ಕೆ ಅದು ಬಿಡುವುದಿಲ್ಲ.

ಇದು ಹಾರುದೋಣಿಗಳಷ್ಟೇ ಹಳೆಯ ತೊಂದರೆ. ಅಮೆರಿಕದ ಗ್ಲೆನ್ ಕರ್ಟಿಸ್ 1912ರಲ್ಲಿ ಕಟ್ಟಿದ ಹಾರುದೋಣಿಯೂ ಮೊದಲು ಹೀಗೆಯೇ ನೀರಿಗೆ ಅಂಟಿಕೊಂಡು ಕೂತಿತ್ತು. ತಳದ ನಡುವೆ ಒಂದು ಮೆಟ್ಟಿಲು ಕೊಟ್ಟ ಮೇಲೆ ನೀರು ಬಿಟ್ಟಿತು. ಆ ಮೆಟ್ಟಿಲಿಗೆ ಸ್ಟೆಪ್ ಎನ್ನುತ್ತಾರೆ. ಮುಂದಿನ ತಳದ ಕೆಳಗೆ ಹರಿದು ಬಂದ ನೀರು ಸ್ಟೆಪ್ಪಿನ ಅಂಚಿನಲ್ಲಿ ಕಡಿದುಹೋಗುತ್ತದೆ, ಹಿಂದಿನ ತಳಕ್ಕೂ ನೀರಿಗೂ ನಡುವೆ ಗಾಳಿ ನುಗ್ಗುತ್ತದೆ. ಆಗ ವಿಮಾನ ಮುಂದಿನ ತಳದ ಮೇಲಷ್ಟೇ ಜಾರುತ್ತ ಓಡುತ್ತದೆ. ಈ ಜಾರು ಓಟ ಬಾರದೆ ಹಾರಾಟ ಇಲ್ಲ.

ಥರ್ಮಾಕೋಲನ್ನೂ ಬಿಡಿ. ಅದರ ಕಾಳುಗಳ ಸಂದಿನಲ್ಲಿ ನೀರು ಕೂರುತ್ತದೆ, ಅರ್ಧ ತಾಸಿನಲ್ಲಿ ಎರಡೂ ಫ್ಲೋಟ್ ಬೇರೆ ಬೇರೆ ತೂಕಕ್ಕೆ ಬರುತ್ತವೆ. ಛಾವಣಿಗೆ ಶಾಖ ತಡೆಯಲು ಹಾಕುವ ಎಕ್ಸ್‌ಪಿಎಸ್ ಹಾಳೆ ತನ್ನಿ, ಗುಲಾಬಿ ಅಥವಾ ನೀಲಿ ಬಣ್ಣದ್ದು, 50 ಮಿ.ಮೀ. ದಪ್ಪದ್ದು. ಅದರ ರಂಧ್ರಗಳು ಮುಚ್ಚಿರುತ್ತವೆ, ನೀರು ಕುಡಿಯುವುದಿಲ್ಲ. ಒಂದು ಲೀಟರ್ ಗಾತ್ರಕ್ಕೆ ಸುಮಾರು 32 ಗ್ರಾಂ ಅಷ್ಟೇ ತೂಕ. ಆದ್ದರಿಂದ ಫ್ಲೋಟಿನ ಒಳಗೆ ಟೊಳ್ಳು ಮಾಡುವುದೇ ಬೇಡ. ಗಟ್ಟಿ ಫ್ಲೋಟ್ ತೂತು ಬಿದ್ದರೂ ಮುಳುಗದು.

ಈಗ ಅಳತೆ. ನಿಮ್ಮ ವಿಮಾನ ಚಕ್ರ ತೆಗೆದ ಮೇಲೆ ಸುಮಾರು 850 ಗ್ರಾಂ, ಫ್ಲೋಟು ಮತ್ತು ಕಾಲುಗಳು ಸೇರಿ 220 ಗ್ರಾಂ, ಒಟ್ಟು 1,070 ಗ್ರಾಂ ಎಂದು ಹಿಡಿಯುತ್ತೇನೆ. ಎರಡೂ ಫ್ಲೋಟು ಪೂರ್ತಿ ಮುಳುಗಿದರೆ ತಳ್ಳುವ ನೀರು ವಿಮಾನದ ತೂಕದ ಎರಡರಷ್ಟಿರಬೇಕು. ಒಂದು ಘನ ಸೆಂಟಿಮೀಟರ್ ನೀರು ಒಂದು ಗ್ರಾಂ, ಹಾಗಾಗಿ ಒಂದೊಂದು ಫ್ಲೋಟಿಗೆ 1,100 ಘನ ಸೆಂಟಿಮೀಟರ್ ಬೇಕು. ಉದ್ದ, ಪ್ರೊಪೆಲ್ಲರಿನಿಂದ ರಡ್ಡರ್ (ಬಾಲದಲ್ಲಿ ಎಡಬಲಕ್ಕೆ ತಿರುಗಿಸುವ ಪಟ್ಟಿ) ಹಿಂಜಿನವರೆಗಿನ ಅಳತೆಯ ಮುಕ್ಕಾಲಿಗಿಂತ ತುಸು ಹೆಚ್ಚು. ಆ ಅಳತೆ 900 ಮಿ.ಮೀ. ಇದ್ದರೆ ಫ್ಲೋಟು 700 ಮಿ.ಮೀ.

ಹಾಳೆಯ ಮೇಲೆ ಫ್ಲೋಟಿನ ಪಕ್ಕದ ನೋಟವನ್ನು ಬರೆದುಕೊಂಡು ಕೊರೆಯಿರಿ, ಹಾಳೆಯ 50 ಮಿ.ಮೀ. ದಪ್ಪವೇ ಫ್ಲೋಟಿನ ಅಗಲವಾಗುತ್ತದೆ. ಮೇಲ್ಮೈ ನೇರ ಗೆರೆ. ಎತ್ತರ 46 ಮಿ.ಮೀ. ಮೂತಿಯಿಂದ ಸ್ಟೆಪ್ಪಿನವರೆಗೆ 380 ಮಿ.ಮೀ., ಅದರಲ್ಲಿ ಮೊದಲ 130 ಮಿ.ಮೀ. ಮಾತ್ರ ಮೇಲಕ್ಕೆ ಬಾಗಲಿ, ಉಳಿದ 250 ನೇರವಾಗಿ, ಮೇಲ್ಮೈಗೆ ಸಮಾನಾಂತರವಾಗಿ ಇರಲಿ. ಸ್ಟೆಪ್ಪಿನ ಆಳ 8 ಮಿ.ಮೀ. ಅಲ್ಲಿಂದ ಹಿಂದಿನ 320 ಮಿ.ಮೀ. ತಳ 5 ಡಿಗ್ರಿ ಏರುತ್ತ ಹೋಗಲಿ, ಅಂದರೆ ಬಾಲದ ತುದಿಯಲ್ಲಿ 28 ಮಿ.ಮೀ. ಏರಿ 10 ಮಿ.ಮೀ. ದಪ್ಪ ಉಳಿಯುತ್ತದೆ. ಈ ಏರು ಕಡಿಮೆಯಾದರೆ ಮೂಗೆತ್ತುವಾಗ ಬಾಲ ನೀರಿಗೆ ಬಡಿಯುತ್ತದೆ. ಕೊರೆಯಲು ಕಾಯಿಸಿದ ನೈಕ್ರೋಮ್ ತಂತಿ ಚೆಂದ, ಇಲ್ಲದಿದ್ದರೆ ಉದ್ದ ಬ್ಲೇಡಿನ ಕಟರ್ ಮತ್ತು ಮರಳು ಕಾಗದ ಸಾಕು.

ತಳಕ್ಕೆ ಒಂದು ಹೊದಿಕೆ ಹಚ್ಚಿ. 0.5 ಮಿ.ಮೀ. ದಪ್ಪದ ಪಿವಿಸಿ ಅಥವಾ ಪಾಲಿಕಾರ್ಬೊನೇಟ್ ಹಾಳೆಯನ್ನು 60 ಮಿ.ಮೀ. ಅಗಲಕ್ಕೆ ಕತ್ತರಿಸಿ, ಮೂತಿಯಿಂದ ಸ್ಟೆಪ್ಪಿನವರೆಗೆ ಅಂಟಿಸಿ. ಎರಡೂ ಕಡೆ 5 ಮಿ.ಮೀ. ಹೊರಚಾಚುತ್ತದೆ, ಹಿಂದೆ ಸ್ಟೆಪ್ಪಿನ ಅಂಚನ್ನು ದಾಟಿ 1 ಮಿ.ಮೀ. ಉಳಿಯಲಿ. ಈ ಒಂದು ಪಟ್ಟಿಯಿಂದ ಮೂರು ಕೆಲಸ ಆಗುತ್ತವೆ: ಜಾರುವ ತಳ ಅಗಲವಾಗುತ್ತದೆ, ಪ್ರೊಪೆಲ್ಲರಿಗೆ ಸಿಡಿಯುವ ನೀರು ಕೆಳಕ್ಕೇ ತಿರುಗುತ್ತದೆ, ಸ್ಟೆಪ್ಪಿನ ಅಂಚು ಚೂಪಾಗಿ ಉಳಿಯುತ್ತದೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಬಹಳ ಜನ ಸ್ಟೆಪ್ಪನ್ನು ಸರಿಯಾಗಿ ಕೊರೆದು, ಆಮೇಲೆ ಅದರ ಮೇಲೆ ಟೇಪು ಸುತ್ತಿ ಅಂಚನ್ನು ದುಂಡಗೆ ಮಾಡಿಬಿಡುತ್ತಾರೆ. ದುಂಡಗಾದ ಅಂಚನ್ನು ನೀರು ಬಿಡುವುದಿಲ್ಲ, ಸ್ಟೆಪ್ ಇದ್ದೂ ಇಲ್ಲದಂತೆ. ಉಗುರಿನಿಂದ ಸವರಿ ನೋಡಿ, ಉಗುರು ತಡೆಯಬೇಕು.

ಫೈಲ್ ಕವರಿನ ಪ್ಲಾಸ್ಟಿಕ್ ಬೇಡ, ಅದು ಪಾಲಿಪ್ರೊಪಿಲಿನ್, ಯಾವ ಅಂಟೂ ನಿಲ್ಲದು. ಅಂಟಿನ ವಿಷಯದಲ್ಲಿ ಇನ್ನೊಂದು ಎಚ್ಚರ: ಫೆವಿಕ್ವಿಕ್, ಫೆವಿಕಾಲ್ ಎಸ್‌ಆರ್ ಎರಡೂ ಎಕ್ಸ್‌ಪಿಎಸ್ಸನ್ನು ಕರಗಿಸುತ್ತವೆ. ಮರಕ್ಕೆ ಹಚ್ಚುವ ಸಾದಾ ಬಿಳಿ ಫೆವಿಕಾಲ್ ನೀರಿಗೆ ಬಿಟ್ಟುಕೊಳ್ಳುತ್ತದೆ. ಅರಾಲ್ಡೈಟಿನಂಥ ಎಪಾಕ್ಸಿ ಬಳಸಿ, ಹಾಳೆಯ ಅಂಟುವ ಮೈಯನ್ನು ಮೊದಲು ಮರಳು ಕಾಗದದಿಂದ ಒರಟು ಮಾಡಿಕೊಳ್ಳಿ. ಬಿಸಿ ಅಂಟು ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಕಾರಿನೊಳಗೇ ಮೆತ್ತಗಾಗುತ್ತದೆ.

ಇನ್ನು ಫ್ಲೋಟನ್ನು ಎಲ್ಲಿ, ಯಾವ ಕೋನದಲ್ಲಿ ಕೂರಿಸಬೇಕು ಎಂಬುದು. ನಿಮ್ಮ ಪಲ್ಟಿಯ ಕಾರಣ ಬಹುಶಃ ಇಲ್ಲಿದೆ. ಸ್ಟೆಪ್ ವಿಮಾನದ ತೂಕದ ನಡುಬಿಂದುವಿಗಿಂತ, ಅಂದರೆ ಸಿಜಿಗಿಂತ, 10ರಿಂದ 12 ಮಿ.ಮೀ. ಹಿಂದಿರಬೇಕು. ರೆಕ್ಕೆಯ ಅಗಲ 200 ಮಿ.ಮೀ. ಇದ್ದರೆ ಸಿಜಿ ಮುಂದಿನ ಅಂಚಿನಿಂದ 58 ಮಿ.ಮೀ. ಹತ್ತಿರ, ಸ್ಟೆಪ್ 70ರಲ್ಲಿ. ಸ್ಟೆಪ್ ತೀರಾ ಹಿಂದೆ ಸರಿದರೆ ವಿಮಾನ ಅದರ ಮೇಲೆ ತಿರುಗಿ ಮೂಗೆತ್ತಲಾರದು, ನೀವೆಷ್ಟೇ ಎಲಿವೇಟರ್ (ಬಾಲದಲ್ಲಿ ಮೂಗನ್ನು ಏರಿಸಿ ಇಳಿಸುವ ಪಟ್ಟಿ) ಎಳೆದರೂ. ಸಿಜಿಗಿಂತ ಮುಂದೆ ಹೋದರೆ ಜಾರು ಓಟದಲ್ಲಿ ಮೂಗು ಏಳುತ್ತ ಬೀಳುತ್ತ ಕುದುರೆಯಂತೆ ಕುಣಿಯುತ್ತದೆ. ಫ್ಲೋಟಿನ ಮೂತಿ ಪ್ರೊಪೆಲ್ಲರಿಗಿಂತ ಕನಿಷ್ಠ 50 ಮಿ.ಮೀ. ಮುಂದೆ ಚಾಚಲಿ. ಮೂತಿ ಗಿಡ್ಡವಾಗಿದ್ದರೆ ಥ್ರಾಟಲ್ ಕೊಟ್ಟ ಕೂಡಲೇ ಪ್ರೊಪೆಲ್ಲರಿನ ಎಳೆತ ಮೇಲೆ, ನೀರಿನ ತಡೆ ಕೆಳಗೆ ಆಗಿ ಮೂಗು ಬಗ್ಗುತ್ತದೆ, ಮೂತಿ ನೀರಿನೊಳಗೆ ಹೊಕ್ಕರೆ ಪಲ್ಟಿ ಖಚಿತ.

ಫ್ಲೋಟಿನ ಮೇಲ್ಮೈಗೆ ಹೋಲಿಸಿದರೆ ರೆಕ್ಕೆ 2 ಡಿಗ್ರಿ ಮೂಗೆತ್ತಿರಬೇಕು. ಮೊಬೈಲಿನ ಕೋನ ಅಳೆಯುವ ಆ್ಯಪ್ ಇದಕ್ಕೆ ಸಾಕು. ರೆಕ್ಕೆ ಮೈಗೆ ಸಮನಾಗಿ ಕೂತಿದ್ದರೆ, ಮುಂದಿನ ಕಾಲಿಗೂ ಹಿಂದಿನ ಕಾಲಿಗೂ ನಡುವೆ 240 ಮಿ.ಮೀ. ಇದ್ದಾಗ ಮುಂದಿನದು 8 ಮಿ.ಮೀ. ಉದ್ದವಾಗಬೇಕು. ಟ್ರೇನರ್‌ಗಳಲ್ಲಿ ಎಷ್ಟೋ ಸಲ ರೆಕ್ಕೆಯನ್ನು ಮೊದಲೇ ಎರಡು ಡಿಗ್ರಿ ಎತ್ತಿ ಕೂರಿಸಿರುತ್ತಾರೆ, ಆಗ ಕಾಲುಗಳು ಸಮವಾಗಿದ್ದರೆ ಆಯಿತು. ಅಳೆಯದೆ ಕಣ್ಣಂದಾಜಿನಲ್ಲಿ ಕಟ್ಟಬೇಡಿ, ಒಂದು ಡಿಗ್ರಿ ತಪ್ಪಿದರೂ ನೀರಿನ ಮೇಲೆ ಗೊತ್ತಾಗುತ್ತದೆ.

ಕಾಲಿಗೆ 3 ಮಿ.ಮೀ. ಸ್ಪ್ರಿಂಗ್ ಸ್ಟೀಲ್ ತಂತಿ. ಫ್ಲೋಟಿನ ಮೇಲ್ಮೈಯಲ್ಲಿ 3 ಮಿ.ಮೀ. ಪ್ಲೈವುಡ್ ತುಂಡನ್ನು ಎಪಾಕ್ಸಿಯಿಂದ ಹೂತು, ತಂತಿಯನ್ನು ಅದಕ್ಕೆ ಕ್ಲಾಂಪಿನಿಂದ ಬಿಗಿಯಿರಿ. ಫ್ಲೋಟುಗಳ ನಡುವಿನ ಅಂತರ, ನಡುಗೆರೆಯಿಂದ ನಡುಗೆರೆಗೆ, 280 ಮಿ.ಮೀ. ಎರಡಕ್ಕೂ ಅಡ್ಡ ಕೊಡಲು ಸೈಕಲ್ ಕಡ್ಡಿ ಒಳ್ಳೆಯ ವಸ್ತು: 2 ಮಿ.ಮೀ. ದಪ್ಪ, ತುದಿಗೆ ನಟ್ಟು ಕೂರುವ ತಿರುಪೂ ಇರುತ್ತದೆ. ಮುಂದಿನ ಕಾಲಿನಿಂದ ಹಿಂದಿನ ಕಾಲಿಗೆ ಕರ್ಣದ ಕಡ್ಡಿಯನ್ನು ಮರೆಯಬೇಡಿ. ಅದಿಲ್ಲದಿದ್ದರೆ ನೀರಿನ ತಡೆಗೆ ಕಾಲುಗಳು ಹಿಂದಕ್ಕೆ ಬಾಗಿ ನೀವು ಅಳೆದು ಕೊಟ್ಟ ಎರಡು ಡಿಗ್ರಿ ಓಟದ ನಡುವೆಯೇ ಮಾಯವಾಗುತ್ತದೆ. 10 ಇಂಚಿನ ಪ್ರೊಪೆಲ್ಲರಿನ ತುದಿಗೂ ಫ್ಲೋಟಿನ ಮೇಲ್ಮೈಗೂ ನಡುವೆ 30 ಮಿ.ಮೀ. ಬಿಡಿ.

ಫ್ಲೋಟುಗಳ ಪಕ್ಕದ ಮೈ ಸಿಜಿಗಿಂತ ಮುಂದೆಯೇ ಹೆಚ್ಚು ಇರುವುದರಿಂದ ಗಾಳಿಯಲ್ಲಿ ಬಾಲ ಅಲೆದಾಡುತ್ತದೆ. ಬಾಲದ ಕೆಳಗೆ 45 ಚದರ ಸೆಂಟಿಮೀಟರಿನ ಒಂದು ರೆಕ್ಕೆಪಟ್ಟಿ ಹಚ್ಚಿದರೆ ಸರಿಹೋಗುತ್ತದೆ. ನೀರಿನ ಮೇಲೆ ತಿರುಗಲು ಒಂದು ಫ್ಲೋಟಿನ ಬಾಲಕ್ಕೆ 25×30 ಮಿ.ಮೀ. ಪ್ಲಾಸ್ಟಿಕ್ ಚುಕ್ಕಾಣಿ ಹಾಕಿ, ಬಾಗುವ ಕೇಬಲಿನಿಂದ ರಡ್ಡರ್ ತಿರುಗಿಸುವ ಪುಟ್ಟ ಮೋಟರಿಗೆ, ಅಂದರೆ ಸರ್ವೋಗೆ, ಜೋಡಿಸಿ. ಅದಿಲ್ಲದಿದ್ದರೆ ಗಾಳಿ ಎತ್ತಣಿಂದ ಬೀಸುತ್ತದೋ ಅತ್ತಲೇ ವಿಮಾನ ಮೂಗು ತಿರುಗಿಸಿ ನಿಲ್ಲುತ್ತದೆ, ದಂಡೆಗೆ ವಾಪಸ್ ಕರೆತರುವುದು ಕಷ್ಟ.

ಮೋಟರ್ ಸಾಕೋ ಇಲ್ಲವೋ ಈಗ ಅಳೆದು ನೋಡಿ. ಬಾಲಕ್ಕೆ ಹಗ್ಗ ಕಟ್ಟಿ, ಲಗೇಜ್ ತೂಗುವ ತಕ್ಕಡಿಗೆ ಸಿಕ್ಕಿಸಿ ಪೂರ್ತಿ ಥ್ರಾಟಲ್ ಕೊಡಿ. ವಿಮಾನದ ತೂಕದ 80 ಶೇಕಡಾ, ಅಂದರೆ 850 ಗ್ರಾಂ ಎಳೆತ ಬಂದರೆ ಸಾಕು, ಒಂದು ಕೆ.ಜಿ. ಬಂದರೆ ನಿಶ್ಚಿಂತೆ. ಇದಕ್ಕೆ ಮೂರು ಸೆಲ್ಲಿನ 2,200 ಎಂಎಎಚ್ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಯಲ್ಲಿ ಸುಮಾರು 250 ವ್ಯಾಟ್, 23 ಆಂಪಿಯರ್ ಬೇಕಾಗುತ್ತದೆ. ಇಎಸ್‌ಸಿ 40 ಆಂಪಿಯರಿನದಿರಲಿ, ನೀರಿನ ತಡೆಯಲ್ಲಿ ಪೂರ್ತಿ ಥ್ರಾಟಲ್ ಓಟ ಹೊಲದಲ್ಲಿನ ಓಟಕ್ಕಿಂತ ಉದ್ದ. ಬಾಗಲಕೋಟೆ ಸಮುದ್ರ ಮಟ್ಟದಿಂದ 530 ಮೀಟರ್ ಆಸುಪಾಸಿನಲ್ಲಿದೆ. ಏಪ್ರಿಲ್ ಮಧ್ಯಾಹ್ನ 38 ಡಿಗ್ರಿಯಲ್ಲಿ ಇಲ್ಲಿನ ಗಾಳಿ, ಲೆಕ್ಕಕ್ಕೆ ಹಿಡಿಯುವ ಸಮುದ್ರ ಮಟ್ಟದ ಗಾಳಿಗಿಂತ 13 ಶೇಕಡಾ ತೆಳು. ಡಿಸೆಂಬರಿನ ಮುಂಜಾನೆ ಆ ವ್ಯತ್ಯಾಸ 7 ಶೇಕಡಾ ಅಷ್ಟೇ. ಅದೇ ವಿಮಾನ ಚಳಿಯಲ್ಲಿ ಎದ್ದು ಬೇಸಿಗೆಯಲ್ಲಿ ಒದ್ದಾಡಿದರೆ ಗಾಬರಿಯಾಗಬೇಡಿ.

ಇಎಸ್‌ಸಿ ಸುಟ್ಟದ್ದಕ್ಕೆ ಬರುತ್ತೇನೆ. ಹೊಸದರ ಹೊರಗಿನ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿ, ಸರ್ಕಿಟ್ ಬೋರ್ಡಿಗೆ ಬಳಿಯುವ ಸಿಲಿಕೋನ್ ಲೇಪನವನ್ನು ಕುಂಚದಿಂದ ಎರಡು ಸಲ ಬಳಿಯಿರಿ, ನಡುವೆ ಪೂರ್ತಿ ಒಣಗಲು ಬಿಡಿ. ರಿಸೀವರಿಗೂ ಹಾಗೇ, ಆದರೆ ಪಿನ್ನುಗಳಿಗೂ ಬೈಂಡ್ ಗುಂಡಿಗೂ ತಾಗದಂತೆ ಮೊದಲು ಟೇಪು ಹಚ್ಚಿಕೊಳ್ಳಿ. ಇಎಸ್‌ಸಿಯನ್ನು ಬಲೂನಿನಲ್ಲಿ ಕಟ್ಟುವುದು ತಪ್ಪು, ಬಿಸಿ ಹೊರಹೋಗದೆ ಮತ್ತೆ ಸುಡುತ್ತದೆ. ರಿಸೀವರಿಗೆ ಬಲೂನು ಹಾಕಬಹುದು. ಸರ್ವೋ ಕೊರಳಿಗೆ ಒಂದಿಷ್ಟು ಗ್ರೀಸ್ ತುಂಬಿ. ಬ್ರಷ್‌ಲೆಸ್ ಮೋಟರಿಗೆ ಸಿಹಿನೀರಿನಿಂದ ಕೂಡಲೇ ಏನೂ ಆಗದು, ಬೇರಿಂಗಿಗೆ ತುಕ್ಕು ಹಿಡಿಯದಂತೆ ದಿನದ ಕೊನೆಗೆ ಒಂದು ಹನಿ ಎಣ್ಣೆ ಬೇಕು. ರಿಸೀವರನ್ನು ರೆಕ್ಕೆಯ ಕೆಳಗೆ, ಆದಷ್ಟು ಎತ್ತರದಲ್ಲಿ ಇಡಿ: 2.4 ಗಿಗಾಹರ್ಟ್ಸ್ ಅಲೆ ನೀರನ್ನು ದಾಟಲಾರದು, ಆಂಟೆನಾ ಮುಳುಗಿದ ಕ್ಷಣ ಸಂಪರ್ಕ ಕಡಿಯುತ್ತದೆ. ಹಾಗಾಗಿ ಫೇಲ್‌ಸೇಫ್‌ನಲ್ಲಿ ಥ್ರಾಟಲ್ ಸೊನ್ನೆಗೆ ಬರುವಂತೆ ಹೊಂದಿಸಿ, ಪ್ರೊಪೆಲ್ಲರ್ ಬಿಚ್ಚಿ ಟ್ರಾನ್ಸ್‌ಮಿಟರ್ ಆರಿಸಿ ನೋಡಿ ಖಚಿತ ಮಾಡಿಕೊಳ್ಳಿ. ಪಲ್ಟಿ ಹೊಡೆದಾಗ ನೀರಿನೊಳಗೆ ಪ್ರೊಪೆಲ್ಲರ್ ತಿರುಗಲು ಹೆಣಗಿದರೆ ಆಂಪಿಯರ್ ಏರಿ ಇಎಸ್‌ಸಿ ಸುಡುತ್ತದೆ. ನಿಮ್ಮದು ಒದ್ದೆಯಾಗಿ ಹೋದದ್ದೋ ಹೀಗೆ ಹೋದದ್ದೋ ಹೇಳಲಾಗದು, ಎರಡಕ್ಕೂ ಮದ್ದು ಮಾಡಿ.

ಹಿನ್ನೀರಿಗೆ ಒಯ್ಯುವ ಮೊದಲು ಹೊಲದ ಸಿಮೆಂಟ್ ಹೌದದಲ್ಲಿ ತೇಲಿಸಿ. ಎರಡೂ ಫ್ಲೋಟು ಸಮ ಆಳಕ್ಕೆ ಮುಳುಗಬೇಕು, ವಿಮಾನ ಸಮನಾಗಿ ಅಥವಾ ತುಸು ಮೂಗೆತ್ತಿ ನಿಲ್ಲಬೇಕು. ಬ್ಯಾಟರಿ ಹಿಂದೆ ಮುಂದೆ ಸರಿಸಿ ಸಿಜಿಯನ್ನು ಮತ್ತೊಮ್ಮೆ ನೋಡಿ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಕ್ಕೆ ಮಾತ್ರ ಹೋಗಬೇಡಿ. ಅದರ ದಡ ಪಾಚಿ ಹಿಡಿದು ಜಾರುತ್ತದೆ, ಒಳಗೆ ಬಿದ್ದವರಿಗೆ ಹತ್ತಿ ಬರಲು ಹಿಡಿತವೇ ಇರುವುದಿಲ್ಲ.

ಜಾಗ ಮತ್ತು ಕಾಲ. ಜೂನಿನಿಂದ ಆಗಸ್ಟಿನವರೆಗೆ ಪಡುವಣ ಗಾಳಿ ಬಿಡದೆ ಬೀಸುತ್ತದೆ, ಕಲಿಯುವವರಿಗೆ ಅದು ಕಾಲವಲ್ಲ. ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ, ಬೆಳಿಗ್ಗೆ ಒಂಬತ್ತೂವರೆಯ ಒಳಗೆ, ಗಾಳಿ ಗಂಟೆಗೆ 8 ಕಿ.ಮೀ. ಮೀರದಿದ್ದಾಗ ಹೋಗಿ. ಅಲೆ ಮೂರು ಸೆಂಟಿಮೀಟರ್ ದಾಟಬಾರದು. ಕನ್ನಡಿಯಂತೆ ನಿಂತ ನೀರೂ ಒಳ್ಳೆಯದಲ್ಲ: ತಳ ಬಿಡಿಸಿಕೊಳ್ಳಲು ಕಷ್ಟ, ಇಳಿಸುವಾಗ ನೀರು ಎಷ್ಟು ಕೆಳಗಿದೆ ಎಂದು ಕಣ್ಣಿಗೆ ತಿಳಿಯದು. ಸಣ್ಣ ತೆರೆ ಇದ್ದರೆ ಎರಡೂ ಸುಲಭ. ಗಾಳಿ ದಂಡೆಯ ಉದ್ದಕ್ಕೆ, ತುಸು ನಿಮ್ಮತ್ತ ಓರೆಯಾಗಿ ಬೀಸುವ ತಿರುವನ್ನು ಆರಿಸಿಕೊಳ್ಳಿ. ಕೆಟ್ಟು ನಿಂತ ವಿಮಾನ ತಾನಾಗಿ ನಿಮ್ಮ ಕಡೆಗೆ ತೇಲಿಬರುತ್ತದೆ.

ಬೇಸಿಗೆಯಲ್ಲಿ ನೀರು ಇಳಿದಾಗ ಎರೆಮಣ್ಣಿನ ಕೆಸರು ದಂಡೆಗೆ ಮೊಣಕಾಲುದ್ದ ನಿಲ್ಲುತ್ತದೆ, ಮುಳುಗಿದ ಜಾಲಿಯ ಪೊದೆಗಳು ತಲೆಯೆತ್ತುತ್ತವೆ. ಮೀನುಗಾರರ ಬಲೆ ಎಲ್ಲಿ ಬಿಟ್ಟಿದೆ ಎಂದು ಅವರನ್ನೇ ಕೇಳಿ ತಿಳಿಯಿರಿ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು, ರಾಜಹಂಸಗಳು ಇಳಿಯುವ ಕಡೆ ಹಾರಿಸಲೇಬೇಡಿ. ಅಣೆಕಟ್ಟಿನ ಗೋಡೆಯ ಆಸುಪಾಸು ಕಾವಲಿನ ಪ್ರದೇಶ, ಅಲ್ಲಿಂದ ದೂರವಿರಿ. ಹೊರಡುವ ಮೊದಲು ಸರಕಾರದ ಡ್ರೋನ್ ನಕ್ಷೆಯಲ್ಲಿ ನಿಮ್ಮ ಜಾಗ ಹಸಿರು ವಲಯದಲ್ಲಿದೆಯೇ ನೋಡಿಕೊಳ್ಳಿ, ಹಸಿರಿನಲ್ಲೂ 400 ಅಡಿ ಮೀರುವಂತಿಲ್ಲ. ಬೆಳಗಾವಿ ಕಡೆಯ ಓದುಗರು ಸಾಂಬ್ರಾ ವಿಮಾನ ನಿಲ್ದಾಣದ ಸುತ್ತಲಿನ ವಲಯಗಳನ್ನು ಗಮನಿಸಬೇಕು. ರಕ್ಕಸಕೊಪ್ಪದಂಥ ಕುಡಿಯುವ ನೀರಿನ ಜಲಾಶಯವನ್ನು ಬಿಟ್ಟುಬಿಡಬೇಕು, ಲಿಪೊ ಬ್ಯಾಟರಿ ಅಲ್ಲಿ ಮುಳುಗುವುದು ಸಲ್ಲದು.

ಮೊದಲ ದಿನ ಹಾರಿಸಬೇಡಿ. ಒಂದು ಬ್ಯಾಟರಿ ಪೂರ್ತಿ ನೀರಿನ ಮೇಲೆ ಓಡಾಡಿಸಲಿಕ್ಕೇ ಇಡಿ. ಮೆಲ್ಲಗೆ ಓಡುವಾಗ ಎಲಿವೇಟರ್ ಪೂರ್ತಿ ಎಳೆದಿರಲಿ, ಮೂತಿಗಳು ನೀರಿನಿಂದ ಮೇಲಿರುತ್ತವೆ. ಅಡ್ಡಗಾಳಿಯಲ್ಲಿ ತಿರುಗುವಾಗ ಗಾಳಿ ಬರುವ ಕಡೆಗೆ ಏಲರಾನ್ (ರೆಕ್ಕೆಯನ್ನು ವಾಲಿಸುವ ಪಟ್ಟಿ) ಕೊಡಿ. ಒಂದೋ ನಡಿಗೆಯ ವೇಗ, ಇಲ್ಲವೋ ಪೂರ್ತಿ ಜಾರು ಓಟ. ನಡುವಿನ ವೇಗದಲ್ಲಿ ತಡೆ ಅತಿ ಹೆಚ್ಚು, ನೀರೆಲ್ಲ ಪ್ರೊಪೆಲ್ಲರಿಗೆ ಸಿಡಿಯುತ್ತದೆ, ಅಲ್ಲಿ ಉಳಿಯಬೇಡಿ.

ಏರುವಾಗ ಗಾಳಿಗೆ ಎದುರಾಗಿ ನಿಲ್ಲಿಸಿ, ಎಲಿವೇಟರ್ ಪೂರ್ತಿ ಎಳೆದು, ಎರಡು ಮೂರು ಸೆಕೆಂಡಿನಲ್ಲಿ ಥ್ರಾಟಲ್ಲನ್ನು ಹಂತಹಂತವಾಗಿ ಪೂರ್ತಿಗೆ ತನ್ನಿ. ಮೂಗೆತ್ತಿ, ಆಮೇಲೆ ತಾನೇ ಸಮನಾಗಿ, ಸ್ಟೆಪ್ಪಿನ ಮೇಲೆ ಜಾರತೊಡಗಿದ್ದು ಕಾಣುತ್ತದೆ. ಆ ಕ್ಷಣವೇ ಎಲಿವೇಟರ್ ಸಡಿಲಿಸಿ ನಡುವಿಗೆ ತನ್ನಿ. ಹೊಸಬರು ಇಲ್ಲಿ ಎಡವುತ್ತಾರೆ, ಎಳೆದೇ ಹಿಡಿಯುತ್ತಾರೆ. ವಿಮಾನ ವೇಗ ಸಾಲದೆ ಮೇಲಕ್ಕೆ ಜಿಗಿದು, ಒಂದು ರೆಕ್ಕೆ ಬಿದ್ದು ನೀರಿಗೆ ಮಗುಚುತ್ತದೆ. ಇನ್ನೂ ಎಂಟು ಹತ್ತು ಮೀಟರ್ ಜಾರಲು ಬಿಟ್ಟು, ಆಮೇಲೆ ಬೆರಳ ತುದಿಯಷ್ಟು ಎಳೆಯಿರಿ. ಒಟ್ಟು 20 ಮೀಟರಿನ ಆಸುಪಾಸಿನಲ್ಲಿ ಏಳುತ್ತದೆ. ಜಾರುತ್ತಿದ್ದೂ ಬಿಡದಿದ್ದರೆ ಏಲರಾನ್ ತುಸು ಕೊಟ್ಟು ಒಂದು ಫ್ಲೋಟನ್ನು ಮೊದಲು ಬಿಡಿಸಿ, ಇನ್ನೊಂದು ಹಿಂಬಾಲಿಸುತ್ತದೆ. 40 ಮೀಟರಿಗೂ ಏಳದಿದ್ದರೆ ನಿಲ್ಲಿಸಿ, ವಾಪಸ್ ತಂದು ಸ್ಟೆಪ್ಪಿನ ಅಂಚು ಮತ್ತು ಕೋನ ನೋಡಿ.

ಇಳಿಸುವುದು ಹೊಲದಲ್ಲಿ ಇಳಿಸಿದಂತಲ್ಲ. ಥ್ರಾಟಲ್ ಪೂರ್ತಿ ತೆಗೆಯದೆ ಕಾಲು ಭಾಗ ಇಟ್ಟುಕೊಂಡು, ಗಾಳಿಗೆ ಎದುರಾಗಿ, ಚಪ್ಪಟೆಯಾಗಿ ಬನ್ನಿ. ಫ್ಲೋಟುಗಳ ತಡೆಯಿಂದ ಥ್ರಾಟಲ್ ತೆಗೆದೊಡನೆ ವಿಮಾನ ಬೇಗ ಕುಸಿಯುತ್ತದೆ. ಸ್ಟೆಪ್ ನೀರಿಗೆ ತಾಗಿದ ಮೇಲೆ ಥ್ರಾಟಲ್ ಮೆಲ್ಲಗೆ ಇಳಿಸುತ್ತ, ವೇಗ ತಗ್ಗಿದಂತೆ ಎಲಿವೇಟರ್ ಎಳೆಯುತ್ತ ಹೋಗಿ. ಗಾಳಿ ಹಿಂದಿನಿಂದ ಬರುವಾಗ ಇಳಿಸಿದರೆ ಮೂತಿ ಹೊಕ್ಕು ಪಲ್ಟಿ. ಟೈಮರ್ ಮೊದಲು ಆರು ನಿಮಿಷಕ್ಕೆ ಇಡಿ, ಒಮ್ಮೆ ತಪ್ಪಿದರೆ ಮತ್ತೊಂದು ಸುತ್ತು ಬರುವಷ್ಟು ಬ್ಯಾಟರಿ ಉಳಿದಿರಬೇಕು.

ಹಾರುದೋಣಿಯ ವಿಷಯ: ಅದು ಒಳ್ಳೆಯ ವಿಮಾನವೇ. ಆದರೆ ಮೋಟರ್ ರೆಕ್ಕೆಯ ಮೇಲೆ ಎತ್ತರದಲ್ಲಿರುವುದರಿಂದ ಥ್ರಾಟಲ್ ಕೊಟ್ಟಾಗ ಮೂಗು ಬಗ್ಗುತ್ತದೆ, ತೆಗೆದಾಗ ಏಳುತ್ತದೆ. ಹಾರಾಟದ ಗುಣವನ್ನೂ ನೀರಿನ ಗುಣವನ್ನೂ ಒಟ್ಟಿಗೆ ಕಲಿಯುವುದಕ್ಕಿಂತ, ನಿಮ್ಮ ಕೈಗೆ ಒಗ್ಗಿದ ಟ್ರೇನರ್ ಮೇಲೆ ನೀರನ್ನು ಮೊದಲು ಕಲಿಯಿರಿ. ಇದು ನನ್ನ ಖಚಿತ ಅಭಿಪ್ರಾಯ.

ಕೊನೆಯದಾಗಿ, ವಿಮಾನ ನೀರಿನ ನಡುವೆ ನಿಂತರೆ ಈಜಿ ಹೋಗಬೇಡಿ. ಕೃಷ್ಣೆಯಲ್ಲೂ ಹಿನ್ನೀರಿನಲ್ಲೂ ಮೊಸಳೆಗಳಿವೆ, ಕಾಣದ ಬಲೆಗಳಿವೆ. ಗಾಳದ ಕೋಲಿಗೆ 50 ಮೀಟರ್ ದಾರ, ತುದಿಗೆ ಟೆನಿಸ್ ಚೆಂಡು ಕಟ್ಟಿಕೊಂಡು ಹೋಗಿ. ಚೆಂಡನ್ನು ವಿಮಾನದ ಆಚೆಗೆ ಎಸೆದು, ದಾರ ಫ್ಲೋಟಿಗೆ ಸಿಕ್ಕುವಂತೆ ಮೆಲ್ಲಗೆ ಎಳೆಯಿರಿ. ಅದಕ್ಕೂ ಸಿಗದಷ್ಟು ದೂರವಿದ್ದರೆ ತೆಪ್ಪದವರನ್ನು ಕರೆಯಿರಿ, ಜೊತೆಗೆ ಹೋಗುವುದಾದರೆ ಲೈಫ್ ಜಾಕೆಟ್ ತೊಡಿ. ದಂಡೆಗೆ ಬಂದ ಕೂಡಲೇ ಮೊದಲು ಬ್ಯಾಟರಿ ಕಳಚಿ, ಕೆಸರನ್ನು ಕ್ಯಾನಿನ ಶುದ್ಧ ನೀರಿನಿಂದ ತೊಳೆದು, ಹ್ಯಾಚ್ ತೆರೆದು ನೆರಳಲ್ಲಿ ಒಂದು ದಿನ ಒಣಗಿಸಿ. ಒದ್ದೆಯಾದ ಲಿಪೊವನ್ನು ಅಂದೇ ಚಾರ್ಜಿಗೆ ಹಾಕಬೇಡಿ. ಮರುದಿನ ಉಬ್ಬಿದೆಯೇ ನೋಡಿ, ಒಂದೊಂದು ಸೆಲ್ಲಿನ ವೋಲ್ಟೇಜ್ ಅಳೆದು, ಮನೆಯ ಹೊರಗೆ ಕಲ್ಲಿನ ಮೇಲಿಟ್ಟು ಚಾರ್ಜ್ ಮಾಡಿ.